ಚೊಂಬು ಹಿಡಿದು ಕಾರು ನೋಡಲು ಹೋದದ್ದು

ಹಳೆಯ ಐಷಾರಾಮಿ ಕಾರು ಕೊಳ್ಳುವಾಗ ಏನೇನು ಪರೀಕ್ಷಿಸಬೇಕು ಎಂದು ಯಾರನ್ನಾದರೂ ಕೇಳಿ ನೋಡಿ. ಇಂಜಿನ್ ಅನ್ನುತ್ತಾರೆ, ಗೇರ್‌ಬಾಕ್ಸ್ ಅನ್ನುತ್ತಾರೆ, ಕಾಗದಪತ್ರ ಅನ್ನುತ್ತಾರೆ. ನನ್ನ ಸೋದರಮಾವನನ್ನು ಮಾತ್ರ ಕೇಳಬೇಡಿ. ಅವರ ಪ್ರಕಾರ ಬೇಕಾದದ್ದು ಒಂದು ಹಿತ್ತಾಳೆ ಚೊಂಬು ಮತ್ತು ಅದರ ಕಂಠದವರೆಗೆ ನೀರು. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳಲ್ಲಿ ಬಾನೆಟ್ಟನ್ನು ಒಮ್ಮೆಯೂ ಎತ್ತಿಸದೆ ಕಾರು ಕೊಂಡ ಇನ್ನೊಬ್ಬ ಗಂಡಸಿದ್ದರೆ ದಯವಿಟ್ಟು ನನಗೆ ತಿಳಿಸಿ. ಇಬ್ಬರನ್ನೂ ಒಂದೇ ಸೀಟಿನಲ್ಲಿ ಕೂರಿಸಿ, ಕೈಮುಗಿದು, ನಾನು ಇಳಿದು ನಡೆದೇ ಮನೆಗೆ ಹೋಗುತ್ತೇನೆ!

ನೀವು ನಗುತ್ತಿದ್ದೀರಿ. ನಗಿ. ಚೊಂಬನ್ನು ತೊಡೆಯ ಮೇಲಿಟ್ಟುಕೊಂಡ ಆ ಮನುಷ್ಯನನ್ನು ಹಿಂದೆ ಕೂರಿಸಿಕೊಂಡು ಊರೂರು ಅಲೆದವನು ನಾನು. ನನ್ನ ಅರ್ಧ ತಲೆಗೂದಲು ನೆರೆತದ್ದು ಆ ಒಂದು ಬೇಸಿಗೆಯಲ್ಲಿ. ಉಳಿದರ್ಧ ಉದುರಿದ್ದು ಕಾರು ಕೊಂಡ ಮೇಲೆ.

ಮಾವ ಕೊಳ್ಳೇಗಾಲದ ರೇಷ್ಮೆ ಮಗ್ಗದವರು. ಬುದ್ಧಿ ಬಂದಾಗಿನಿಂದ ಸೀರೆ ನೇಯ್ದು ನೇಯ್ದು ಅವರಿಗೊಂದು ಕಸುಬಿನ ಚಟ ಅಂಟಿಕೊಂಡಿದೆ. ಯಾವ ವಸ್ತು ಕೈಗೆ ಬಂದರೂ ಮೊದಲು ಮಗುಚಿ ಹಿಂಬದಿ ನೋಡುತ್ತಾರೆ. “ಮುಂದ್ಗಡೆ ಎಲ್ರೂ ಚೆನ್ನಾಗೇ ನೇಯ್ತಾರೆ ಕಣ್ಲಾ. ಮೋಸ ಇರದು ಇಂದ್ಗಡೆ” ಎನ್ನುವುದು ಅವರ ಸಿದ್ಧಾಂತ. ನನಗೆ ಹೆಣ್ಣು ನೋಡಲು ಹೋದಾಗ ತಟ್ಟೆಯಲ್ಲಿ ಕೊಟ್ಟ ಉಪ್ಪಿಟ್ಟನ್ನೂ ಚಮಚದಿಂದ ಮಗುಚಿ ನೋಡಿ, “ತಳ ಇಡದದೆ” ಎಂದು ಹುಡುಗಿಯ ಅಪ್ಪನ ಎದುರಿಗೇ ತೀರ್ಪು ಕೊಟ್ಟರು. ಆ ಹುಡುಗಿ ಈಗ ನನ್ನ ಹೆಂಡತಿ. ಮಾವ ನಮ್ಮ ಮನೆಗೆ ಬಂದಾಗಲೆಲ್ಲ ಅವಳು ತಿಂಡಿಯನ್ನು ಹೋಟೆಲಿನಿಂದಲೇ ತರಿಸುತ್ತಾಳೆ.

ಇಂಥವರಿಗೆ ಕಾರಿನ ಹುಚ್ಚು ಹಿಡಿದದ್ದು ಶೋಕಿಗಲ್ಲ, ಅತ್ತೆಯ ಬೆನ್ನಿಗಾಗಿ. ಅತ್ತೆಗೆ ಬೆನ್ನುಮೂಳೆಯ ಆಪರೇಷನ್ ಆಗಿ, ನೋವು ಹೋಗುವ ಬದಲು ಅಲ್ಲಿಯೇ ಮನೆ ಮಾಡಿಕೊಂಡಿತ್ತು. ನಡೆಯಬಹುದು, ಕೂರಬಹುದು, ಆದರೆ ಕುಲುಕುವ ಹಾಗಿಲ್ಲ. ನಮ್ಮ ಕಡೆಯ ರಸ್ತೆಗಳಲ್ಲಿ ಕುಲುಕದೆ ಹೋಗುವುದೆಂದರೆ ನೀರಿಗಿಳಿದು ನೆನೆಯದೆ ಬಂದ ಹಾಗೆ. ಅತ್ತೆ ಹೊಸಿಲು ದಾಟುವುದನ್ನೇ ಬಿಟ್ಟಿದ್ದರು. ಅಷ್ಟರಲ್ಲಿ ಅಜ್ಜೀಪುರದಲ್ಲಿದ್ದ ಅವರಕ್ಕ ಹಿತ್ತಲಲ್ಲಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಅಕ್ಕ ಎದ್ದು ಬರುವಂತಿಲ್ಲ, ತಂಗಿ ಎದ್ದು ಹೋಗುವಂತಿಲ್ಲ. ಫೋನಿನಲ್ಲಿ ಇಬ್ಬರೂ ಕಿರುಚಿಕೊಳ್ಳುತ್ತಿದ್ದರು.

“ಬತ್ತೀಯೋ ಇಲ್ವೋ ಏಳ್ಬುಡು. ನಾನೋದ್ ಮ್ಯಾಕೆ ಬಂದು ಯಾರ್ನ ನೋಡೀಯೆ?”

“ಬತ್ತೀನಿ ಕಣಕ್ಕ. ವಸಿ ಬೆನ್ನು ಸರಿಯಾಗ್ಲಿ.”

ಒಮ್ಮೆ ನನ್ನ ಪುಟ್ಟ ಕಾರಿನಲ್ಲಿ ಕರೆದುಕೊಂಡು ಹೊರಟೆವು. ಕಾಮಗೆರೆ ತಲುಪುವಷ್ಟರಲ್ಲಿ ಅತ್ತೆ ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದರು. ವಾಪಸ್ ತಿರುಗಿಸಿದೆವು. ಆಂಬುಲೆನ್ಸಿನಲ್ಲಿ ಮಲಗಿಸಿಕೊಂಡು ಹೋಗೋಣ ಎಂದೆ. ಅತ್ತೆ ಖಡಾಖಂಡಿತವಾಗಿ ಬೇಡವೆಂದರು. “ಅದು ಕುಯ್ಯೋ ಅಂತ ಅಕ್ಕನ ಮನೆ ಮುಂದೆ ನಿಂತ್ರೆ ನನ್ನ ನೋಡೋಕ್ ಮುಂಚೆನೇ ಅವ್ಳು ಎದೆ ಒಡ್ಕಂಡು ಓಯ್ತಾಳೆ. ನೋಡಕ್ ಓಗ್ಬೇಕಾ, ಸಾಯಿಸಕ್ ಓಗ್ಬೇಕಾ?”

ಮಾವನ ತಲೆಗೆ ಐಷಾರಾಮಿ ಕಾರು ಹೊಕ್ಕಿದ್ದು ಆ ವಾರವೇ. ಅವರ ಸೀರೆ ಕೊಳ್ಳುವ ಮೈಸೂರಿನ ವ್ಯಾಪಾರಿಯೊಬ್ಬರು ತಮ್ಮ ಹಳೆಯ ದೊಡ್ಡ ಕಾರಿನಲ್ಲಿ ಮಾವನನ್ನು ನರಸೀಪುರದವರೆಗೆ ಬಿಟ್ಟರಂತೆ. ಮಾವನ ಕೈಯಲ್ಲಿ ಕಾಗದದ ಲೋಟದ ತುಂಬ ಕಾಫಿ, ಮೈಮೇಲೆ ಬಿಳಿ ಪಂಚೆ. ಇಳಿಯುವಾಗ ನೋಡಿದರೆ ಪಂಚೆಯ ಮೇಲೆ ಒಂದು ತೊಟ್ಟಿಲ್ಲ! ಆ ಪಂಚೆಯನ್ನು ಒಗೆಯಲು ಹಾಕದೆ ಮೂರು ತಾಲ್ಲೂಕಿಗೆ ಪ್ರದರ್ಶನ ಮಾಡಿದರು. “ನೋಡ್ಲಾ, ಒಂದ್ ಕಲೆ ತೋರ್ಸು! ಇಂಥಾ ಗಾಡಿ ಇದ್ರೆ ನಿಮ್ಮತ್ತೆ ನಿದ್ದೆ ಮಾಡ್ಕಂಡೇ ಅಜ್ಜೀಪುರ ಸೇರ್ತಾಳೆ.” ಗಾಡಿಯ ಹೆಸರು ನಾನು ಹೇಳುವುದಿಲ್ಲ, ಕಂಪನಿಯವರು ಬೇಜಾರು ಮಾಡಿಕೊಂಡಾರು. ಮಾವ ಅದನ್ನು ‘ಜರ್ಮನಿ ಗಾಡಿ’ ಎಂದರು, ನಾವೂ ಹಾಗೆಯೇ ಎನ್ನೋಣ.

ಹೊಸದನ್ನು ಕೊಳ್ಳುವುದು ಕನಸಿನಲ್ಲೂ ಸಾಧ್ಯವಿರಲಿಲ್ಲ. ಹಳೆಯದೇ ಆಗಬೇಕು. ನಾನು ಯಳಂದೂರಿನ ಸರ್ಕಾರಿ ಕಚೇರಿಯೊಂದರ ಗುಮಾಸ್ತ, ಲಗತ್ತುಗಳಿಲ್ಲದ ಅರ್ಜಿಯನ್ನು ಬೆರಳಿನಿಂದಲೂ ಮುಟ್ಟದವನು. ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿ ಪಂಡಿತನಾದೆ. ಸರ್ವಿಸ್ ಮಾಡಿಸಿದ ದಾಖಲೆ ಕೇಳಬೇಕು. ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ನೋಡಬೇಕು. ಕೀಲಿ ತಿರುಗಿಸಿದಾಗ ಎಚ್ಚರಿಕೆಯ ದೀಪಗಳು ಹೊತ್ತಿ ಆರಬೇಕು, ಹೊತ್ತದೇ ಇದ್ದರೆ ಬಲ್ಬನ್ನೇ ಕಿತ್ತಿದ್ದಾರೆಂದು ಅರ್ಥ. ಕಾಲಡಿಯ ಕಾರ್ಪೆಟ್ ಎತ್ತಿ ಕೆಸರು ಹುಡುಕಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಇಂಥ ಕಾರುಗಳು ಕಬ್ಬಿಣದ ಸ್ಪ್ರಿಂಗಿನ ಮೇಲಲ್ಲ, ಗಾಳಿ ತುಂಬಿದ ಚೀಲಗಳ ಮೇಲೆ ನಿಂತಿರುತ್ತವೆ. ವಯಸ್ಸಾದರೆ ಆ ಚೀಲ ಸೋರುತ್ತದೆ, ಇಂಜಿನ್ ಓಡುವವರೆಗೆ ಮಾತ್ರ ಗಾಳಿ ತುಂಬಿಕೊಂಡು ಉಬ್ಬಿರುತ್ತದೆ. ಅದಕ್ಕೇ ಸಂಜೆ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಬಂದು ನೋಡಬೇಕು, ಎತ್ತರ ಇಳಿದಿದ್ದರೆ ಹಿಂತಿರುಗಿ ನೋಡದೆ ಓಡಬೇಕು. ಕಾರು ಅಗ್ಗಕ್ಕೆ ಸಿಗಬಹುದು, ಬಿಡಿಭಾಗ ಹಳತಾದ ಕಾರಿಗೂ ಹೊಸ ಕಾರಿನ ಬೆಲೆಗೇ ಸಿಗುವುದು!

ಮಾವ ಮಗ್ಗದ ಮುಂದೆ ಕೂತು ಇಷ್ಟನ್ನೂ ತಾಳ್ಮೆಯಿಂದ ಕೇಳಿದರು. “ಅದ್ನೆಲ್ಲಾ ನೀನು ನೋಡ್ಕ. ನಾನು ಇಂದ್ಗಡೆ ನೋಡ್ತೀನಿ” ಎಂದರು. ಹಿಂದ್ಗಡೆ ಎಂದರೆ ಹಿಂದಿನ ಸೀಟು ಎನ್ನುವುದು ನನಗೆ ಹನೂರಿನಲ್ಲಿ ಗೊತ್ತಾಯಿತು.

ಹನೂರಿನಲ್ಲಿ ಕಂಟ್ರಾಕ್ಟರೊಬ್ಬರ ಕಾರು ಮಾರಾಟಕ್ಕಿತ್ತು. ಶೆಡ್ಡಿನ ಸಿಮೆಂಟು ಮೂಟೆಗಳ ಪಕ್ಕದಲ್ಲಿ ನಿಂತಿದ್ದ ಅದರ ಬಾನೆಟ್ಟಿನ ಮೇಲೆ ಕೋಳಿಯೊಂದು ಮಾಲೀಕಳ ಗತ್ತಿನಲ್ಲಿ ಕೂತಿತ್ತು. ಮಾವ ಚೀಲದಿಂದ ಚೊಂಬು ತೆಗೆದು, “ವಸಿ ನೀರು ಕೊಡೀಪ್ಪಾ” ಎಂದರು. ಕಂಟ್ರಾಕ್ಟರು ಮಾವನ ಮುಖ ನೋಡಿದರು, ಚೊಂಬು ನೋಡಿದರು, ಶೆಡ್ಡಿನ ಹಿಂದಿನ ಬಯಲು ನೋಡಿದರು. “ಒಳ್ಗಡೆ ಲೆಟ್ರಿನ್ ರೂಮದೆ ಯಜಮಾನ್ರೆ, ಬಯಲ್ಗ್ಯಾಕೆ ಓಯ್ತೀರಿ?” ಎಂದರು ಬಹಳ ಮರ್ಯಾದೆಯಿಂದ. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ. ಮಾವ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ಚೊಂಬು ತುಂಬಿಸಿ, ಹಿಂದಿನ ಸೀಟಿನಲ್ಲಿ ಕೂತು, ಅದನ್ನು ತೊಡೆಯ ಮೇಲಿಟ್ಟು, “ಬುಡ್ಲಾ ಗಾಡಿಯ. ಅಂಪು ಬಂದ್ರೆ ಬ್ರೇಕು ತುಳೀಬ್ಯಾಡ” ಎಂದರು. ರಸ್ತೆಯ ಹಂಪು ಅವರ ಬಾಯಲ್ಲಿ ಅಂಪು. ಮೊದಲನೇ ಅಂಪಿಗೇ ಅರ್ಧ ಚೊಂಬು ಪಕ್ಕದಲ್ಲಿ ಕೂತಿದ್ದ ಕಂಟ್ರಾಕ್ಟರ ಮಡಿಲಿಗೆ ಬಿತ್ತು. ಎರಡನೆಯದಕ್ಕೆ ಉಳಿದದ್ದೂ ಬಿತ್ತು. ಒದ್ದೆ ಪ್ಯಾಂಟಿನಲ್ಲಿ ಇಳಿದ ಅವರು ಕಾರು ಬೇಕಾ ಬೇಡವಾ ಎಂದು ಕೇಳಲೂ ಇಲ್ಲ.

ಮುಂದಿನದು ಯಳಂದೂರಿನ ಹತ್ತಿರದ ಹೊನ್ನೂರಿನಲ್ಲಿ. ಕಬ್ಬು, ಭತ್ತ ಬೆಳೆಯುವ ಅನುಕೂಲಸ್ಥರ ಮನೆ, ಅವರ ಅಳಿಯ ಬಿಟ್ಟುಹೋದ ಕಾರು. ಹೊರಗಿನಿಂದ ಮದುವಣಗಿತ್ತಿಯ ಹಾಗೆ ಮಿಂಚುತ್ತಿತ್ತು. ನಾನು ಕಾರ್ಪೆಟ್ ಎತ್ತಿದೆ. ಕೆಳಗೆ ಒಣಗಿದ ಮೆಕ್ಕಲು ಮಣ್ಣು, ಸೀಟಿನ ಕಂಬಿಗೆ ತುಕ್ಕು! ನೀರಿನಲ್ಲಿ ಮುಳುಗಿ ಎದ್ದ ಕಾರು! ನನ್ನ ಪಾಂಡಿತ್ಯ ಮೊದಲ ಸಲ ಫಲ ಕೊಟ್ಟ ಗಳಿಗೆ. ಮಾವನಿಗೆ ಹೇಳೋಣವೆಂದು ತಲೆ ಎತ್ತಿದರೆ ಅವರು ಹಿಂದಿನ ಸೀಟಿನಲ್ಲಿ ಮಂಡಿ ಮಡಿಚಿ, ಒಂದು ಮಗ್ಗುಲಿಗೆ ಮಲಗಿ, “ಅಮ್ಮಾ... ಅಮ್ಮಾ...” ಎಂದು ನರಳುತ್ತಿದ್ದಾರೆ. ಅತ್ತೆ ಹೇಗೆ ಮಲಗುತ್ತಾರೋ ಹಾಗೆ ಮಲಗಿ, ಹೇಗೆ ನರಳುತ್ತಾರೋ ಹಾಗೆ ನರಳಿ, ಸೀಟು ಸಾಲುತ್ತದೆಯೇ ಎಂದು ಪರೀಕ್ಷಿಸುತ್ತಿದ್ದರು! ಮನೆಯ ಮುದುಕಮ್ಮ ಗಾಬರಿಯಾಗಿ ಓಡಿ ಹೋಗಿ ಓಮದ ಕಷಾಯ ಕಾಯಿಸಿಕೊಂಡು ಬಂದರು. ಮಾವ ಎದ್ದು ಕೂತು ಅದನ್ನು ಕುಡಿದರು. ಬೇಡ ಎನ್ನಲು ನಾಚಿಕೆಯಾಯಿತಂತೆ. ಆಮೇಲೆ ಸೀಟಿನ ಹೊಲಿಗೆಯಿಂದ ಒಂದೆಳೆ ಎಳೆದು, ಬೆಂಕಿಕಡ್ಡಿ ಗೀರಿ ಸುಟ್ಟು, ಮೂಸಿ, “ನೈಲಾನು” ಎಂದು ಮುಖ ಸಿಂಡರಿಸಿದರು. ಅವರು ಕಾರು ಬೇಡವೆಂದದ್ದು ಆ ಕಾರಣಕ್ಕೆ. ಕೆಸರನ್ನು ನಾನು ಹೇಳಿದರೆ, “ಒಗೆದ್ರೆ ಓಯ್ತದೆ ಬುಡು” ಎಂದರು. ಇಂಥವರನ್ನು ಕಟ್ಟಿಕೊಂಡು ಏನು ಮಾಡುವುದು ಹೇಳಿ?

ಈ ನಡುವೆ ಅಜ್ಜೀಪುರದ ಫೋನಿನ ದನಿ ತಗ್ಗುತ್ತಿತ್ತು. ಕಿರುಚುತ್ತಿದ್ದ ಅಕ್ಕ ಈಗ ಮಾತು ನಿಲ್ಲಿಸಿ ನಿಲ್ಲಿಸಿ ಆಡುತ್ತಿದ್ದರು. ಅತ್ತೆ ಮಾತು ಮುಗಿದ ಮೇಲೂ ಫೋನನ್ನು ಕಿವಿಯಿಂದ ತೆಗೆಯುತ್ತಿರಲಿಲ್ಲ. ಮಾವ ಮಗ್ಗ ನಿಲ್ಲಿಸಿ ಅದನ್ನೇ ನೋಡುತ್ತಿದ್ದರು.

ಕೊನೆಗೆ ಕೊಳ್ಳೇಗಾಲದಲ್ಲೇ, ಹಳೇ ಗಾಡಿ ವ್ಯಾಪಾರಿಯೊಬ್ಬರ ಹತ್ತಿರ ಮೂರನೆಯದು ಸಿಕ್ಕಿತು. ಕಡುನೀಲಿ ಬಣ್ಣ, ಉದ್ದನೆಯ ದೇಹ. ನಾವು ಹೋಗುವಷ್ಟರಲ್ಲಿ ಅದರ ಇಂಜಿನ್ ಆಗಲೇ ಓಡುತ್ತಿತ್ತು. ಬಾನೆಟ್ಟಿನ ಮೇಲೆ ಕೈಯಿಟ್ಟೆ, ದೋಸೆ ಹುಯ್ಯಬಹುದಿತ್ತು.

“ಮೊದಲೇ ಯಾಕೆ ಬಿಸಿ ಮಾಡಿದ್ದೀರಿ?” ಎಂದೆ.

“ಇಲ್ಲ ಸಾ, ಬಿಸಿಲ್ಗೆ ಅಂಗಾಗದೆ.”

ಕಾರು ನಿಂತಿದ್ದದ್ದು ಹುಣಸೆ ಮರದ ನೆರಳಲ್ಲಿ! ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಚೊಂಬಿನೊಡನೆ ಹಿಂದೆ ಕೂತಾಗಿತ್ತು. ಗುಂಡಾಲ್ ಜಲಾಶಯದ ರಸ್ತೆಗೆ ಬಿಟ್ಟೆವು. ಒಂದು ಅಂಪು ಹೋಯಿತು. ಇನ್ನೊಂದು ಹೋಯಿತು. ಗುಂಡಿಗಳು ಬಂದವು. ನಾನು ಬೇಕೆಂದೇ ಗುಂಡಿಗೆ ಇಳಿಸಿದೆ, ನೀರು ಚೆಲ್ಲಲಿ, ಈ ಕಾರು ತಪ್ಪಲಿ ಎಂದು. ಹಿಂದಿನಿಂದ ಸದ್ದಿಲ್ಲ. ಕನ್ನಡಿಯಲ್ಲಿ ನೋಡಿದರೆ ಮಾವ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಬಾಯನ್ನೇ ದಿಟ್ಟಿಸುತ್ತಿದ್ದಾರೆ. ಕಣ್ಣು ತುಂಬಿದೆ. “ಅಲ್ಲಾಡ್ನಿಲ್ಲ ಕಣ್ಲಾ” ಎಂದರು.

ಅಂಗಡಿಗೆ ಮರಳಿ ನಾನು ಮಾವನನ್ನು ಮರದ ಹಿಂದಕ್ಕೆ ಎಳೆದೊಯ್ದೆ. “ಮಾವ, ಕೈಮುಗೀತೀನಿ. ಇದರ ಜೀವ ಇರೋದೇ ಆ ಗಾಳಿ ಚೀಲದಲ್ಲಿ. ಇವತ್ತು ಇಲ್ಲೇ ನಿಲ್ಲಿಸಿ ಹೋಗೋಣ, ನಾಳೆ ಬೆಳಿಗ್ಗೆ ಬಂದು ಎತ್ತರ ನೋಡೋಣ. ಒಂದೇ ಒಂದು ದಿನ.”

ಮಾವ ನನ್ನ ಕೈ ಬಿಡಿಸಿಕೊಂಡರು. “ನಾಳೆ ಗಾಡಿ ಇರ್ತದೆ. ಅವ್ಳಕ್ಕ ಇರ್ತಾಳೇನ್ಲಾ?”

ವ್ಯಾಪಾರ ಅಲ್ಲೇ ಮುಗಿಯಿತು. ಕಾರು ಸಂಜೆಗೆ ಮಾವನ ಬೀದಿಗೆ ಬಂತು. ಅತ್ತೆ ಬಾಗಿಲಿನಿಂದಲೇ ನೋಡಿ, “ಇಷ್ಟುದ್ದ ಯಾಕೆ? ನಾನೊಬ್ಳೇ ತಾನೆ ಮಲಗೋದು?” ಎಂದರು. ಬೆಳಿಗ್ಗೆ ಹೊತ್ತು ಹುಟ್ಟುತ್ತಲೇ ಅಜ್ಜೀಪುರಕ್ಕೆ ಹೊರಡುವುದೆಂದಾಯಿತು. ಅತ್ತೆ ಅಕ್ಕನಿಗೆ ಫೋನು ಮಾಡಿ ಹೇಳಿಯೂಬಿಟ್ಟರು.

ಬೆಳಿಗ್ಗೆ ನಾನು ಯಳಂದೂರಿನಿಂದ ಬಂದಾಗ ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ಜನ ಹೊರಗೆ ಸೇರಿದ್ದರು. ನಡುವೆ ಜರ್ಮನಿ ಗಾಡಿ ಕೆಸರಿನಲ್ಲಿ ಕೂತ ಎಮ್ಮೆಯ ಹಾಗೆ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಕೂತಿತ್ತು. ಚಕ್ರಗಳು ಅರ್ಧ ಒಳಗೆ ಹೋಗಿಬಿಟ್ಟಿದ್ದವು.

“ಇದೇನಣ್ಣ, ನಿನ್ನೆ ದೊಡ್ಡದಾಗಿತ್ತಲ್ಲ?” ಎಂದು ಒಬ್ಬ ಕೇಳಿದ.

“ಕಣ್ಣು ಬಿದ್ದದೆ. ನಿಂಬೆಹಣ್ಣು ಮಡಗಿ, ಎದ್ದೇಳ್ತದೆ” ಎಂದಳು ಎದುರು ಮನೆಯ ಅಜ್ಜಿ.

ಮಡಗಿದೆವು. ಏಳಲಿಲ್ಲ. ಸ್ಟಾರ್ಟ್ ಮಾಡಿದಾಗ ಎಲ್ಲೋ ಒಳಗೆ ಹೂಂಕರಿಸಿ ಗೇಣು ಮೇಲೆದ್ದು, ನಾವು ಉಸಿರು ಹಿಡಿದು ನೋಡುತ್ತಿದ್ದ ಹಾಗೆಯೇ ನಿಟ್ಟುಸಿರು ಬಿಟ್ಟು ಮತ್ತೆ ಕೂತಿತು. ಹೊಸ ಸೀರೆ ಉಟ್ಟು, ಅಕ್ಕನಿಗೆಂದು ಡಬ್ಬಿಯಲ್ಲಿ ರವೆ ಉಂಡೆ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದ ಅತ್ತೆ ಒಳಗೆ ಹೋಗಿ ಸೀರೆ ಬದಲಾಯಿಸಿದರು. ಮಾವ ಜಗಲಿಯ ಮೇಲೆ ಕುಸಿದರು. ಕಾರೂ ಕೂತಿದೆ, ಮಾವನೂ ಕೂತಿದ್ದಾರೆ. ‘ನಾನು ಹೇಳಿರಲಿಲ್ಲವೇ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ಅಲ್ಲೇ ಒಣಗಿತು.

ಮೈಸೂರಿನಿಂದ ಮೆಕ್ಯಾನಿಕ್ ಬಂದ. ಗಾಳಿ ಚೀಲಗಳು ಪೂರ್ತಿ ಹರಿದಿವೆ, ಹೊಸದು ಹೊರದೇಶದಿಂದ ಬರಬೇಕು, ಯಾವಾಗ ಬರುತ್ತದೋ ಹೇಳಲಾಗದು ಎಂದ. ಬೇಕಾದರೆ ಅವನ್ನು ಕಿತ್ತುಹಾಕಿ ಮಾಮೂಲಿ ಕಬ್ಬಿಣದ ಸ್ಪ್ರಿಂಗು ಕೂರಿಸಿಕೊಡುತ್ತೇನೆ ಎಂದ.

“ಮೊದಲಿನ ಅಂಗೇ ಮೆತ್ತಗಿರ್ತದಾ?” ಎಂದು ಮಾವ ಕೇಳಿದರು.

ಅವನು ಸ್ಪ್ಯಾನರ್ ಒರೆಸುತ್ತಾ, “ಓಡ್ತದೆ ಸಾ” ಎಂದ.

ಓಡುವುದು ಎತ್ತಿನ ಗಾಡಿಯೂ ಓಡುತ್ತದೆ! ಊರೆಲ್ಲ ಹುಡುಕಿದ್ದು ಒಂದು ಮೆತ್ತನೆಯ ಸವಾರಿಗೆ. ಆ ಮೆತ್ತನೆಯನ್ನೇ ಬಿಚ್ಚಿ ಬುಟ್ಟಿಯಲ್ಲಿ ಹಾಕಿ, ಉಳಿದ ಕಬ್ಬಿಣವನ್ನು ನಮ್ಮ ಕೈಗೆ ಕೊಟ್ಟ. ಸ್ಪ್ರಿಂಗು ಹಾಕಿದ ಮೇಲೆ ಕಾರು ನೆಟ್ಟಗೆ ನಿಂತಿತು. ಬಾಗಿಲು ಹಾಕಿದರೂ ಅಲ್ಲಾಡದಷ್ಟು ಬಿರುಸಾಗಿ ನಿಂತಿತು. “ಚೊಂಬು ತರಲೇ ಮಾವ?” ಎಂದೆ. “ಬ್ಯಾಡ ಬುಡು” ಎಂದರು. ಜೀವಮಾನವಿಡೀ ಎಲ್ಲವನ್ನೂ ಮಗುಚಿ ನೋಡಿದ ಮನುಷ್ಯ ಆ ದಿನ ನೋಡಲು ಹೆದರಿದರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಬರೀ ಸಂಕಟ ಉಳಿಯಿತು.

ಮರುದಿನವೇ ಅಜ್ಜೀಪುರದಿಂದ ಅಕ್ಕನ ಮಗ ಫೋನು ಮಾಡಿದ. ಅವ್ವ ಗಂಜಿಯನ್ನೂ ಬಿಟ್ಟಿದ್ದಾಳೆ, ಬಾಗಿಲು ಸದ್ದಾದರೆ “ಬಂದ್ಲಾ?” ಎನ್ನುತ್ತಾಳೆ, ಅಷ್ಟೇ ಮಾತು. ಅತ್ತೆ ಫೋನಿಟ್ಟು ಅದೇ ಹೊಸ ಸೀರೆ ಉಟ್ಟುಕೊಂಡು ಬಂದರು. “ನಡೀರಿ” ಎಂದರು.

ನಾನು ಓಡಿಸುತ್ತಿದ್ದೆ. ಹಿಂದೆ ಅತ್ತೆ ದಿಂಬುಗಳ ನಡುವೆ ಕೂತಿದ್ದರು, ಎಡಕ್ಕೆ ಮಾವ. ಎಷ್ಟು ನಿಧಾನ ಹೋದೆನೆಂದರೆ ಸೌದೆ ಹೊತ್ತ ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ಹೋದರು. ಊರು ದಾಟುತ್ತಲೇ ಮೊದಲನೇ ಅಂಪು ಬಂತು. ಕಾರು ಹತ್ತಿ ದಡಕ್ಕನೆ ಇಳಿಯಿತು. ನನ್ನ ಬೆನ್ನಿಗೇ ಚುರುಕ್ಕೆಂದಿತು.

“ಈಗೊಂದು ಅಂಪು ಬಂತಲ್ಲ, ಗೊತ್ತಾಯ್ತಾ?” ಎಂದರು ಮಾವ.

“ಯಾವಾಗ ಬಂತು?” ಎಂದರು ಅತ್ತೆ.

ಕನ್ನಡಿಯಲ್ಲಿ ನೋಡಿದೆ. ಅತ್ತೆಯ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಕೆಳತುಟಿ ಹಲ್ಲಿನ ನಡುವೆ ಸಿಕ್ಕಿಕೊಂಡಿತ್ತು. ಮುಖ ಮಾತ್ರ ಕಿಟಕಿಯ ಕಡೆ, ಗದ್ದೆ ನೋಡುತ್ತಿರುವವರ ಹಾಗೆ. ಕಾಮಗೆರೆ ಬಂತು. ವಾಪಸ್ ತಿರುಗಿಸಲೇ ಎಂದು ಕೇಳಬೇಕೆಂದು ನಾನು ವೇಗ ಇನ್ನೂ ತಗ್ಗಿಸಿದೆ. “ಯಾಕ್ ನಿಲ್ಲಿಸ್ತೀಯಾ ಮಗಾ? ಚೆನ್ನಾಗ್ ಓಯ್ತಾ ಅದಲ್ಲ. ತೊಟ್ಲಲ್ಲಿ ಕೂತಂಗದೆ” ಎಂದರು ಅತ್ತೆ. ದನಿ ಒಡೆದಿತ್ತು.

“ನಾನೇಳ್ನಿಲ್ವಾ?” ಎಂದರು ಮಾವ ಜೋರಾಗಿ. “ಜರ್ಮನಿ ಗಾಡಿ ಅಂದ್ರೆ ಸುಮ್ನೆನಾ?”

ನನಗೆ ಮಾವನ ಮೇಲೆ ರೇಗಿಹೋಯಿತು. ಪಕ್ಕದಲ್ಲೇ ಕೂತ ಮನುಷ್ಯನಿಗೆ ಇಷ್ಟೂ ಕಾಣುವುದಿಲ್ಲವೇ? ಹನೂರು ದಾಟುವವರೆಗೂ ಪ್ರತಿ ಅಂಪಿಗೂ ಅದೇ ಪ್ರಶ್ನೆ, ಅದೇ ಉತ್ತರ. ಕೇಳಿ ಕೇಳಿ ನನಗೆ ಅಳು ಬಂತು.

ಅಜ್ಜೀಪುರದಲ್ಲಿ ಅತ್ತೆಯನ್ನು ಹಿಡಿದು ಇಳಿಸಿದೆವು. ಅತ್ತೆ ಗೋಡೆ ಹಿಡಿದು ಒಳಗೆ ಹೋಗಿ, ಅಕ್ಕನ ಹಾಸಿಗೆಯ ಮೇಲೆ ಮೆಲ್ಲನೆ ಒರಗಿ, ಪಕ್ಕದಲ್ಲೇ ಮಲಗಿಬಿಟ್ಟರು. ಅಕ್ಕ ತಂಗಿಯ ಮುಖವನ್ನು ಕೈಯಿಂದ ಸವರಿ ಸವರಿ ನೋಡಿದರು. “ಎಂಗೆ ಬಂದೆ?” ಎಂದರು. “ಆರಾಮಾಗಿ ಬಂದೆ ಕಣಕ್ಕ” ಎಂದರು ಅತ್ತೆ. ಆಮೇಲೆ ಇಬ್ಬರೂ ಏನೋ ಪಿಸುಗುಟ್ಟತೊಡಗಿದರು. ಸ್ವಲ್ಪ ಹೊತ್ತಿಗೆ ಅಕ್ಕ ನಕ್ಕದ್ದು ಕೇಳಿಸಿತು.

ನಾವು ಹೊರಗೆ ಬಂದೆವು. ಮಾವ ನಲ್ಲಿಯ ಹತ್ತಿರ ಹೋಗಿ ಬಲಗೈಯನ್ನು ನೀರಿಗೆ ಒಡ್ಡಿ ನಿಂತರು. ನಾನು ಹತ್ತಿರ ಹೋಗಿ ನೋಡಿದೆ. ಅಂಗೈ, ಮುಂಗೈ, ಮಣಿಕಟ್ಟಿನ ತುಂಬ ಉಗುರು ಇಳಿದ ಗುರುತುಗಳು. ಕೆಲವು ಕಡೆ ರಕ್ತ ಒಸರುತ್ತಿತ್ತು.

“ಮಾವ, ಇದೇನು?”

ಮಾವ ಒಳಗಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಅವ್ಳಿಗೆ ಏಳ್ಬ್ಯಾಡ. ವಾಪಸ್ ಓಗೋವಾಗ ನಾನು ಆ ಕಡೆ ಕೂತ್ಕತೀನಿ. ಈ ಕೈ ಇನ್ನೂ ಚೆನ್ನಾಗದೆ” ಎಂದು ಎಡಗೈ ತೋರಿಸಿದರು.